ಅಪ್‌ಟೌನ್ ಪೊಯೆಟ್ರಿ ಸ್ಲ್ಯಾಮ್

ಅಪ್‌ಟೌನ್ ಪೊಯೆಟ್ರಿ ಸ್ಲ್ಯಾಮ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಷಿಕಾಗೊ ನಗರದಲ್ಲಿ 1986ರ ಜುಲೈ ತಿಂಗಳಿನಲ್ಲಿ ಆರಂಭವಾದ ಸಾರ್ವಜನಿಕ ಕಾವ್ಯವಾಚನ ಕಾರ್ಯಕ್ರಮ. ನಗರದ ಉತ್ತರ ಭಾಗದ ಅಪ್‌ಟೌನ್ ಬಡಾವಣೆಯಲ್ಲಿರುವ ಗ್ರೀನ್ ಮಿಲ್ ಎಂಬ ಜಾಝ್ ಸಂಗೀತದ ಪಾನಗೃಹ ಇದರ ನೆಲೆ. ಕವಿ ಮಾರ್ಕ್ ಕೆಲ್ಲಿ ಸ್ಮಿತ್ ಇದರ ಪ್ರವರ್ತಕರು. ಹೆಸರು ನೋಂದಾಯಿಸಿದ ಯಾರು ಬೇಕಾದರೂ ಕವಿತೆ ಓದಬಹುದಾದ ‘ಓಪನ್ ಮೈಕ್’ ಅಥವಾ ಮುಕ್ತ ವೇದಿಕೆ ಮತ್ತು ಸಭಿಕರೇ ಅಂಕ ನೀಡುವ ಕಾವ್ಯಸ್ಪರ್ಧೆ ಇಲ್ಲಿ ಒಂದೇ ಸಂಜೆಯಲ್ಲಿ ಜೊತೆಗೂಡಿದವು. ಕಾವ್ಯಸ್ಪರ್ಧೆಗೆ ‘ಸ್ಲ್ಯಾಮ್’ ಎಂಬ ಹೆಸರು ರೂಢಿಗೆ ಬಂದದ್ದು ಇಲ್ಲಿಂದಲೇ. ಲೋಕಪ್ರಸಿದ್ಧವಾದದ್ದು ಸ್ಪರ್ಧೆ; ಆದರೆ ಅದರ ಬೇರು ಇರುವುದು ಗೆಲುವು ಸೋಲುಗಳಿಲ್ಲದ ಮುಕ್ತ ವೇದಿಕೆಯಲ್ಲಿ.

ಹಿನ್ನೆಲೆ

ಸ್ಮಿತ್ ಅವರು ಮೊದಲು ಕಟ್ಟಡ ನಿರ್ಮಾಣದ ಕೆಲಸದಲ್ಲಿದ್ದವರು. ಅಂದಿನ ಕಾವ್ಯವಾಚನಗಳ ಬಗ್ಗೆ ಅವರಿಗಿದ್ದ ಆಕ್ಷೇಪ ಸರಳವಾದುದು. ಕವಿಗಳು ಹಾಳೆಯಿಂದ ಕಣ್ಣೆತ್ತದೆ ಓದುತ್ತಿದ್ದರು. ಕೇಳಲು ಬಂದವರು ಬಹುಮಟ್ಟಿಗೆ ತಮ್ಮ ಸರದಿಗಾಗಿ ಕಾದು ಕುಳಿತ ಇತರ ಕವಿಗಳೇ ಆಗಿರುತ್ತಿದ್ದರು. ಕವಿಯಲ್ಲದ ಕೇಳುಗನಿಗೆ ಅಲ್ಲಿ ಸ್ಥಳವೇ ಇರಲಿಲ್ಲ. ಕವಿತೆಯನ್ನು ಬರೆಯುವುದಷ್ಟೇ ಅಲ್ಲ, ಅದನ್ನು ನುಡಿಯುವುದೂ ಕವಿಯ ಹೊಣೆ ಎಂಬ ನಿಲುವಿನಿಂದ ಅವರು 1984ರಲ್ಲಿ ಗೆಟ್ ಮಿ ಹೈ ಎಂಬ ಪುಟ್ಟ ಜಾಝ್ ಪಾನಗೃಹದಲ್ಲಿ ಮುಕ್ತ ಕಾವ್ಯವಾಚನವನ್ನು ಆರಂಭಿಸಿದರು.

ಎರಡು ವರ್ಷಗಳ ತರುವಾಯ ಡೇವ್ ಜೆಮಿಲೊ ಅವರು ಗ್ರೀನ್ ಮಿಲ್ ಪಾನಗೃಹವನ್ನು ಕೊಂಡು ನವೀಕರಿಸಿದಾಗ ಭಾನುವಾರದ ಸಂಜೆಗಳು ಸ್ಮಿತ್ ಅವರಿಗೆ ದೊರೆತವು. ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದಲೂ ಇದ್ದ ಈ ಪಾನಗೃಹಕ್ಕೆ ಪಾನನಿಷೇಧದ ಕಾಲದ ಭೂಗತ ದೊರೆ ಆಲ್ ಕಪೋನೆಯ ನಂಟಿನ ಖ್ಯಾತಿಯೂ ಇತ್ತು. ಕಾವ್ಯಕ್ಕೆ ಇದು ಸಹಜವಾದ ಸ್ಥಳವೆಂದು ಹೇಳಲಾಗದು. ಲೋಟಗಳ ಸದ್ದು, ಮಾತುಕತೆಯ ಗದ್ದಲಗಳನ್ನು ಮೀರಿ ಕೇಳುಗನ ಗಮನವನ್ನು ಗೆಲ್ಲಬೇಕಾದ ಅನಿವಾರ್ಯವೇ ಈ ಪ್ರಕಾರದ ದನಿಯನ್ನು ರೂಪಿಸಿತು.

ಕಾರ್ಯಕ್ರಮದ ಸ್ವರೂಪ

ಸಂಜೆ ಮೂರು ಭಾಗಗಳಲ್ಲಿ ನಡೆಯುತ್ತಿತ್ತು: ಮೊದಲು ಮುಕ್ತ ವೇದಿಕೆ, ಆಮೇಲೆ ಆಹ್ವಾನಿತ ಕವಿಯ ವಾಚನ, ಕೊನೆಗೆ ಸ್ಪರ್ಧೆ. ಈ ಮೂರನೆಯದು ಹುಟ್ಟಿದ್ದು ಸಿದ್ಧಾಂತದಿಂದಲ್ಲ, ಕೊರತೆಯಿಂದ. ಇಡೀ ಸಂಜೆಯನ್ನು ತುಂಬುವಷ್ಟು ಸಾಮಗ್ರಿ ಇಲ್ಲದಿದ್ದಾಗ ಉಳಿದ ಹೊತ್ತಿಗೆ ತಮಾಷೆಯ ಸ್ಪರ್ಧೆಯೊಂದನ್ನು ಹೂಡಲಾಯಿತು. ಮೊದಮೊದಲು ಚಪ್ಪಾಳೆ, ಗೇಲಿಯ ಕೂಗುಗಳೇ ತೀರ್ಪು. ಅಂಕಗಳು ಬಂದದ್ದು ಆಮೇಲೆ. ‘ಸ್ಲ್ಯಾಮ್’ ಎಂಬ ಪದವೂ ಬೇಸ್‌ಬಾಲ್ ಆಟದ ಪರಿಭಾಷೆಯಿಂದ ಬಂದದ್ದು.

ಸಭಿಕರ ವರ್ತನೆಗೂ ಇಲ್ಲಿ ತನ್ನದೇ ಸಂಪ್ರದಾಯವಿದೆ. ಕವಿತೆ ಬೇಸರ ತಂದರೆ ಬೆರಳು ಚಿಟಿಕೆ ಹೊಡೆಯುತ್ತಾರೆ. ಬೇಸರ ಹೆಚ್ಚಿದರೆ ಕಾಲಿನಿಂದ ನೆಲವನ್ನು ಬಡಿಯುತ್ತಾರೆ, ನರಳುತ್ತಾರೆ. ಹೆಣ್ಣನ್ನು ಹಗುರವಾಗಿ ಕಾಣುವ ಸಾಲು ಬಂದರೆ ಮಹಿಳೆಯರು ಬುಸುಗುಡುವುದುಂಟು. ನಿರೂಪಕನಿಗೂ ವಿನಾಯಿತಿಯಿಲ್ಲ: ಸ್ಮಿತ್ ಅವರು ವೇದಿಕೆಗೆ ಬಂದು ತಮ್ಮ ಹೆಸರು ಹೇಳುತ್ತಿದ್ದಂತೆ ಇಡೀ ಸಭೆ ‘ಆದರೇನಂತೆ!’ ಎಂಬರ್ಥದ ಕೂಗು ಹಾಕುತ್ತಿತ್ತು. ಇದು ಅವಮಾನವಲ್ಲ, ವೇದಿಕೆಯ ಮೇಲಿರುವವನು ಕೆಳಗಿರುವವರಿಗಿಂತ ದೊಡ್ಡವನಲ್ಲ ಎಂಬುದರ ಜ್ಞಾಪನೆ.

ಕನ್ನಡದ ಕವಿಗೋಷ್ಠಿಯನ್ನು ಬಲ್ಲವರಿಗೆ ಇಲ್ಲಿನ ವ್ಯತ್ಯಾಸ ಕೂಡಲೇ ಹೊಳೆಯುತ್ತದೆ. ಸಾಹಿತ್ಯ ಸಮ್ಮೇಳನಗಳ ಕವಿಗೋಷ್ಠಿಗಳಲ್ಲಿ ಕವಿಗಳ ಹೆಸರು ಆಹ್ವಾನ ಪತ್ರಿಕೆಯಲ್ಲಿ ಮೊದಲೇ ಅಚ್ಚಾಗಿರುತ್ತದೆ. ಅಧ್ಯಕ್ಷರು ಕೊನೆಯಲ್ಲಿ ಎಲ್ಲರ ಕವಿತೆಗಳ ಬಗ್ಗೆ ಮಾತನಾಡುತ್ತಾರೆ. ಮುಕ್ತ ವೇದಿಕೆಯಲ್ಲಿ ಆಹ್ವಾನವೂ ಇಲ್ಲ, ಅಧ್ಯಕ್ಷರೂ ಇಲ್ಲ.

ಸ್ಪರ್ಧೆಯ ನಿಯಮಗಳು

ಸ್ಲ್ಯಾಮ್ ಸ್ಪರ್ಧೆಗಳಲ್ಲಿ ರೂಢಿಗೆ ಬಂದ ಕ್ರಮದಂತೆ, ಸಭಿಕರಿಂದಲೇ ಆರಿಸಿದ ಐವರು ತೀರ್ಪುಗಾರರಾಗುತ್ತಾರೆ. ಅವರಿಗೆ ಕಾವ್ಯಜ್ಞಾನ ಇರಬೇಕೆಂಬ ಷರತ್ತಿಲ್ಲ. ಪ್ರತಿ ಕವಿತೆಗೆ 0ಯಿಂದ 10ರವರೆಗೆ, ದಶಮಾಂಶ ಸಹಿತವಾಗಿ, ಅಂಕ ನೀಡಿ ಫಲಕವನ್ನು ಎತ್ತಿ ತೋರಿಸುತ್ತಾರೆ. ಅತ್ಯಧಿಕ ಮತ್ತು ಅತ್ಯಲ್ಪ ಅಂಕಗಳನ್ನು ಕೈಬಿಟ್ಟು ಉಳಿದ ಮೂರನ್ನು ಕೂಡಲಾಗುತ್ತದೆ. ಆದ್ದರಿಂದ ಪೂರ್ಣಾಂಕ 30. ಕವಿತೆ ಸ್ವಂತದ್ದಾಗಿರಬೇಕು. ವೇಷಭೂಷಣ, ವಾದ್ಯ, ಪರಿಕರಗಳಿಗೆ ಅವಕಾಶವಿಲ್ಲ. ಕಾಲಮಿತಿ 3 ನಿಮಿಷ. 10 ಸೆಕೆಂಡುಗಳ ರಿಯಾಯಿತಿಯ ನಂತರ ಪ್ರತಿ 10 ಸೆಕೆಂಡಿಗೆ ಅರ್ಧ ಅಂಕ ಕಡಿತವಾಗುತ್ತದೆ.

ಸಂಜೆ ಮುಂದುವರಿದಂತೆ ತೀರ್ಪುಗಾರರ ಕೈ ಸಡಿಲವಾಗಿ ಅಂಕಗಳು ಏರುತ್ತಾ ಹೋಗುವುದು ಅನುಭವಕ್ಕೆ ಬಂದ ಸಂಗತಿ. ಹೀಗಾಗಿ ಮೊದಲು ಓದುವವರಿಗೆ ನಷ್ಟ. ಇದನ್ನು ತಗ್ಗಿಸಲೆಂದು ಸ್ಪರ್ಧೆಗೆ ಸೇರದ ಒಬ್ಬ ಕವಿಯಿಂದ ಮೊದಲು ಓದಿಸಿ ತೀರ್ಪುಗಾರರ ಕೈಯನ್ನು ಹದಗೊಳಿಸುತ್ತಾರೆ. ಆ ಕವಿಗೆ ‘ಬಲಿಕವಿ’ ಎಂಬರ್ಥದ ಹೆಸರಿದೆ.

ಪ್ರಸಾರ

1990ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊದಲ ರಾಷ್ಟ್ರೀಯ ಸ್ಲ್ಯಾಮ್ ನಡೆಯಿತು. ನ್ಯೂಯಾರ್ಕಿನಲ್ಲಿ ಪೋರ್ಟೊರಿಕೊ ಮೂಲದ ಕವಿಗಳು 1973ರಲ್ಲಿ ಕಟ್ಟಿದ ನ್ಯೂಯೊರಿಕನ್ ಪೊಯೆಟ್ಸ್ ಕೆಫೆ ಈ ಪ್ರಕಾರದ ಮತ್ತೊಂದು ಮುಖ್ಯ ಕೇಂದ್ರವಾಯಿತು. 1998ರ ‘ಸ್ಲ್ಯಾಮ್’ ಚಲನಚಿತ್ರವು ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಬಳಿಕ ಇದರ ಹೆಸರು ಮತ್ತಷ್ಟು ಹಬ್ಬಿತು. ಬೆಂಗಳೂರಿನ ಪುಸ್ತಕದಂಗಡಿ, ಕೆಫೆಗಳಲ್ಲಿಯೂ ಕನ್ನಡ, ಇಂಗ್ಲಿಷ್, ಹಿಂದಿ ಕವಿತೆಗಳ ಮುಕ್ತ ವೇದಿಕೆಗಳು ನಡೆಯುತ್ತವೆ.

ಟೀಕೆ

ಪ್ರಸಿದ್ಧ ವಿಮರ್ಶಕ ಹೆರಾಲ್ಡ್ ಬ್ಲೂಮ್ ಅವರು 2000ದಲ್ಲಿ ‘ಪ್ಯಾರಿಸ್ ರಿವ್ಯೂ’ ಪತ್ರಿಕೆಯಲ್ಲಿ ಸ್ಲ್ಯಾಮನ್ನು ಕಲೆಯ ಮರಣವೆಂದೇ ಕರೆದರು. ಚಪ್ಪಾಳೆಯ ಅಳತೆಗೋಲಿನಿಂದ ಕವಿತೆಯನ್ನು ಅಳೆಯುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಈ ಮಾತನ್ನು ಹಿರಿಯ ವಿಮರ್ಶಕರೊಬ್ಬರ ಸಿಡುಕೆಂದು ತಳ್ಳಿಹಾಕುವಂತಿಲ್ಲ. 3 ನಿಮಿಷದಲ್ಲಿ ಅಪರಿಚಿತರನ್ನು ಗೆಲ್ಲಬೇಕಾದ ಕವಿ ಏರುದನಿಗೆ, ಆತ್ಮಕಥನಕ್ಕೆ, ನಗೆಗೆ ಅಥವಾ ಆಕ್ರೋಶಕ್ಕೆ ಒಲಿಯುವುದು ಸಹಜ. ಎರಡನೆಯ ಓದಿನಲ್ಲಿ ಮಾತ್ರ ಅರಳುವ ಕವಿತೆಗೆ ಅಲ್ಲಿ ಗೆಲ್ಲುವುದು ಕಷ್ಟ. ಸ್ಮಿತ್ ಅವರೂ ಈ ಪ್ರಕಾರ ವಾಣಿಜ್ಯದ ಸರಕಾದುದರ ಬಗ್ಗೆ ತಮ್ಮ ಅಸಮಾಧಾನವನ್ನು ಮುಚ್ಚಿಟ್ಟಿಲ್ಲ.

ಬ್ಲೂಮ್ ಅವರ ತೀರ್ಪಿಗೆ ಗಟ್ಟಿಯಾದ ಉತ್ತರವೆಂದರೆ ಪೆಟ್ರೀಷಿಯಾ ಸ್ಮಿತ್ (ಇವರು ಮಾರ್ಕ್ ಸ್ಮಿತ್ ಅವರ ಬಂಧುವಲ್ಲ). ಷಿಕಾಗೊದ ಈ ವೇದಿಕೆಗಳಲ್ಲಿಯೇ ಬೆಳೆದ ಈ ಕವಯಿತ್ರಿ ರಾಷ್ಟ್ರೀಯ ಸ್ಲ್ಯಾಮಿನ ವೈಯಕ್ತಿಕ ವಿಭಾಗದಲ್ಲಿ ನಾಲ್ಕು ಬಾರಿ ಗೆದ್ದವರು. ಕತ್ರೀನಾ ಚಂಡಮಾರುತವನ್ನು ಕುರಿತ ಅವರ ‘ಬ್ಲಡ್ ಡ್ಯಾಝ್ಲರ್’ ಸಂಕಲನ 2008ರಲ್ಲಿ ನ್ಯಾಷನಲ್ ಬುಕ್ ಅವಾರ್ಡಿನ ಅಂತಿಮ ಪಟ್ಟಿಯನ್ನು ಸೇರಿತು. ಸೆಸ್ಟಿನಾದಂತಹ ಬಿಗಿಯಾದ ಪದ್ಯಬಂಧಗಳಲ್ಲಿಯೂ ಅವರು ನುರಿತವರು.