ಹೈಬ್ರಿಡ್ ಸೈಕಲ್ ತಗೊಳ್ಳೋ ಮುಂಚೆ

ಹಿರೇಬೆಂಡಿಗೇರಿಯ ಮನೆಯಲ್ಲಿ ಇನ್ನೂ ಒಂದು ಸೈಕಲ್ ಇದೆ, ಅಕ್ಕನಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟದ್ದು. ಆ ಯೋಜನೆ ಶುರುವಾಗಿದ್ದು 2006-07ರಲ್ಲಿ. ಗೇರಿಲ್ಲ, ಆದ್ರೆ ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್ ಎಲ್ಲಾ ಇವೆ.

ಹುಬ್ಬಳ್ಳಿಯಲ್ಲಿ ರೂಮಿನಿಂದ ಕಾಲೇಜಿಗೆ ಓಡಾಡೋಕೆ ಹೈಬ್ರಿಡ್ ಹುಡುಕಿದಾಗ ಅಂಗಡಿಯವರು ಮೊದಲು ತೋರಿಸಿದ್ದು ಸಸ್ಪೆನ್ಷನ್, ಡಿಸ್ಕ್ ಬ್ರೇಕ್, 21 ಗೇರ್. ಕೈಯಲ್ಲಿದ್ದದ್ದು ಗೋವಿನಜೋಳ ಮಾರಿದ ದುಡ್ಡು. ಹಾಗಾಗಿ ಕೂತು ಲೆಕ್ಕ ಹಾಕಿದೆವು.

ಅಗ್ಗದ ಸ್ಪ್ರಿಂಗ್ ಫೋರ್ಕ್ ತೂಕ ಹೆಚ್ಚಿಸುತ್ತೆ, ಎದ್ದು ನಿಂತು ತುಳಿದಾಗ ನಮ್ಮ ಶಕ್ತಿಯನ್ನೂ ತಿನ್ನುತ್ತೆ. ಸಿಟಿ ರಸ್ತೆಗೆ 700×38 ಟೈರಿನೊಳಗಿನ ಗಾಳಿಯೇ ಸಾಕಷ್ಟು ಸಸ್ಪೆನ್ಷನ್. 21 ಗೇರ್ ಅಂದ್ರೆ ಮುಂದಿನ 3, ಹಿಂದಿನ 7ರ ಗುಣಾಕಾರ ಅಷ್ಟೇ. ಎಷ್ಟೋ ಜೋಡಿಗಳ ಅನುಪಾತ ಹೆಚ್ಚುಕಡಿಮೆ ಒಂದೇ. ನೋಡಬೇಕಾದ್ದು ಅತಿ ಹಗುರ ಗೇರನ್ನು. ಮುಂದೆ 28, ಹಿಂದೆ 28 ಹಲ್ಲಿದ್ರೆ ಪೆಡಲಿನ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು, ಸುಮಾರು 2.2 ಮೀಟರ್. ಬ್ಯಾಗ್ ಹೊತ್ತು ಏರು ಹತ್ತೋಕೆ ಅಷ್ಟು ಸಾಕು.

ಫ್ರೇಮ್ ಸೈಜ್ ತಪ್ಪಿದ್ರೆ ಮಾತ್ರ ರಿಪೇರಿ ಇಲ್ಲ. ಸೀಟಿನ ಮುಂದೆ, ಮೇಲಿನ ಪೈಪಿನ ಎರಡೂ ಕಡೆ ಕಾಲಿಟ್ಟು ನಿಂತು ನೋಡಿ. ಒಂದೆರಡು ಇಂಚು ಜಾಗ ಉಳೀಬೇಕು.

ಕೊನೆಗೆ ತಗೊಂಡದ್ದು ಸಾದಾ ಫೋರ್ಕ್, ವಿ-ಬ್ರೇಕ್ ಇರೋದು. ಉಳಿದ ದುಡ್ಡಲ್ಲಿ ಬೀಗ, ಲೈಟ್, ಸ್ಟ್ಯಾಂಡ್, ಮಡ್‌ಗಾರ್ಡ್ ಬಂತು. ಮಡ್‌ಗಾರ್ಡನ್ನು ಟೈರಿನಿಂದ ಒಂದು ಬೆರಳು ದೂರ ಕೂರಿಸಿದ್ದೇವೆ. ಊರಿಗೆ ಒಯ್ದಾಗ ಹೊಲದ ದಾರಿಯ ಕೆಸರು ಸಿಕ್ಕಿಕೊಳ್ಳಬಾರದಲ್ಲ.