ಮಾಗಿಯ ಚಳಿಗೆ ನಡುಗುವ ಹಳೆ ಕಾರು: ತಣ್ಣಗಿದ್ದಾಗಲೇ ಹುಡುಕಬೇಕು ರೋಗ

ಹಾಸನ: 'ಬಡವರ ಊಟಿ' ಎಂದು ಹೆಸರಾದ ಈ ನಗರ ಸಮುದ್ರಮಟ್ಟದಿಂದ 950 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಇಲ್ಲಿನ ಬಡಾವಣೆಗಳ ಮನೆಯಂಗಳಗಳಿಂದ ಒಂದು ಪರಿಚಿತ ಸದ್ದು ಕೇಳಿಬರುತ್ತದೆ. ಸೆಲ್ಫ್ ತಿರುಗುತ್ತದೆ, ಎಂಜಿನ್ ಹೊತ್ತಿಕೊಳ್ಳುತ್ತದೆ, ನಾಲ್ಕಾರು ಬಾರಿ ಕುಲುಕಿ ನಿಂತುಬಿಡುತ್ತದೆ. ಮತ್ತೆ ಚಾಲೂ ಮಾಡಿ ಆಕ್ಸಿಲರೇಟರ್ ತುಳಿದು ಹಿಡಿದರೆ ಐದು ನಿಮಿಷದಲ್ಲಿ ಎಲ್ಲವೂ ಸರಿ.

ತೊಡಕಿರುವುದು ಈ 'ಎಲ್ಲವೂ ಸರಿ'ಯಲ್ಲಿಯೇ. ಅರಕಲಗೂಡಿನಿಂದಲೋ ಹೊಳೆನರಸೀಪುರದಿಂದಲೋ 30 ಕಿ.ಮೀ. ಆಸುಪಾಸು ಓಡಿ ಹಾಸನದ ಗ್ಯಾರೇಜು ತಲುಪುವ ಹೊತ್ತಿಗೆ ಎಂಜಿನ್ ಕಾದಿರುತ್ತದೆ, ರೋಗ ಅಡಗಿರುತ್ತದೆ. ಮೆಕ್ಯಾನಿಕ್ ಎದುರು ಕಾರು ಸಂಭಾವಿತನಂತೆ ನಿಲ್ಲುತ್ತದೆ. ಕಾಣದ ರೋಗಕ್ಕೆ ಅಂದಾಜಿನ ಮದ್ದು ಆರಂಭವಾಗುತ್ತದೆ: ಮೊದಲು ಸ್ಪಾರ್ಕ್ ಪ್ಲಗ್, ಆಮೇಲೆ ಕಾಯಿಲ್, ಇಂಜೆಕ್ಟರ್, ಕೊನೆಗೆ ಪೆಟ್ರೋಲ್ ಪಂಪ್. ಹದಿನೈದು ವರ್ಷ ದಾಟಿದ ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಬಿಡಿಭಾಗಗಳಿಗೇ ಸಂದಾಯವಾಗಿ, ಮರುದಿನ ನಸುಕಿನಲ್ಲಿ ಮತ್ತದೇ ನಡುಕ. ಆದ್ದರಿಂದ ಸಂಜೆಯೇ ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು, ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ಕೈಯಿಂದಲೇ ಮೊದಲ ಬಾರಿ ಚಾಲೂ ಮಾಡಿಸುವುದು ಎಲ್ಲ ಪರೀಕ್ಷೆಗಳಿಗಿಂತ ಅಗ್ಗದ ಪರೀಕ್ಷೆ.

ಚೋಕ್ ಎಳೆಯುವ ಕೈ ಈಗಿಲ್ಲ

ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಚಳಿಗೆ ಚೋಕ್ ಎಳೆಯುವುದು ಚಾಲಕನ ಕೆಲಸವಾಗಿತ್ತು. ದೆಹಲಿ ಸುತ್ತಮುತ್ತಲಿನ ವಾಹನಗಳ ಹೊಗೆಯ ಕುರಿತು ಸುಪ್ರೀಂ ಕೋರ್ಟ್ 1999ರಲ್ಲಿ ನೀಡಿದ ಆದೇಶದ ನಂತರ ಕಾರ್ಬೊರೇಟರ್ ಬೇಗನೆ ಹಿಂದೆ ಸರಿಯಿತು. ಕಾರುಗಳ ಬೆನ್ನ ಮೇಲೆ 'ಎಂಪಿಎಫ್‌ಐ' ಎಂಬ ಅಕ್ಷರಗಳು ಹೆಮ್ಮೆಯಿಂದ ಕಾಣಿಸಿಕೊಂಡವು. 2005ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್-2 ಮಾನದಂಡ ದೇಶಕ್ಕೆಲ್ಲ ಅನ್ವಯವಾಯಿತು. ಚೋಕ್ ಎಳೆಯುವ ಕೆಲಸ ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಪಾಲಾಯಿತು.

ತಣ್ಣನೆಯ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದು; ಒಂದು ಪಾಲು ಒಳಗೋಡೆಗಳಿಗೆ ಹನಿಯಾಗಿ ಅಂಟಿಕೊಳ್ಳುತ್ತದೆ. ಅದನ್ನು ತುಂಬಲು ಇಸಿಯು ಹೆಚ್ಚು ಪೆಟ್ರೋಲ್ ಸಿಂಪಡಿಸಬೇಕು, ಐಡ್ಲಿಂಗ್ ವೇಗವನ್ನೂ ಏರಿಸಬೇಕು. ಎಷ್ಟು ಎಂಬುದನ್ನು ಅದಕ್ಕೆ ಹೇಳುವುದು ಮುಖ್ಯವಾಗಿ ಕೂಲೆಂಟ್ ತಾಪಮಾನದ ಸೆನ್ಸರ್. ಸೈಲೆನ್ಸರ್ ಕೊಳವೆಯ ಆಕ್ಸಿಜನ್ ಸೆನ್ಸರ್ ಮುಂದೆ ತಪ್ಪು ತಿದ್ದುತ್ತದೆಯಾದರೂ, ತಾನು ಚೆನ್ನಾಗಿ ಕಾಯುವವರೆಗೆ ಅದು ಮೂಕ. ಹೀಗಾಗಿ ಮೊದಲ ಕೆಲವು ನಿಮಿಷ ಇಸಿಯು ಕುರುಡು ನಂಬಿಕೆಯಲ್ಲಿ ನಡೆಯುತ್ತದೆ. ಕಾದ ಮೇಲೆ ಮಾಯವಾಗುವ ದೋಷಕ್ಕೆ ಬಹುಪಾಲು ಇದೇ ಕಾರಣ.

ಸುಳ್ಳು ಹೇಳುವ ಸೆನ್ಸರ್

ಸೆನ್ಸರ್ ಪೂರ್ತಿ ಕೆಟ್ಟರೆ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಅಪಾಯ ಇರುವುದು ಅರೆಬರೆ ಕೆಟ್ಟಾಗ. 14 ಡಿಗ್ರಿಯ ಬೆಳಗಿನಲ್ಲಿ ಅದು 60 ಡಿಗ್ರಿ ಎಂದು ವರದಿ ಮಾಡಿದರೆ ಇಸಿಯುಗೆ ಅನುಮಾನ ಬಾರದಿರಬಹುದು, ದೀಪವೂ ಹೊತ್ತದು. ಪೆಟ್ರೋಲ್ ಮಾತ್ರ ಸಾಲದೆ ಎಂಜಿನ್ ಮುಗ್ಗರಿಸುತ್ತದೆ. ಬಿಸಿಯಾದ ಎಂಜಿನ್ನನ್ನು ತಣ್ಣಗಿದೆ ಎಂದರೆ ಪರಿಣಾಮ ತದ್ವಿರುದ್ಧ: ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್, ಕುಸಿದ ಮೈಲೇಜ್.

ಇದನ್ನು ಹಿಡಿಯುವ ಉಪಾಯ ಸರಳವಾಗಿದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲೆಂಟ್ ತಾಪಮಾನವೂ ಒಳಸೇರುವ ಗಾಳಿಯ ತಾಪಮಾನವೂ ಹೊರಗಿನ ಹವೆಗೆ ಹೆಚ್ಚುಕಡಿಮೆ ಸಮನಾಗಿರಬೇಕು. ಚಾಲೂ ಮಾಡುವ ಮುನ್ನ ಸ್ಕ್ಯಾನರ್‌ನಲ್ಲಿ ಈ ಎರಡು ಅಂಕಿ ನೋಡಿದರೆ ಸುಳ್ಳುಗಾರ ಸಿಕ್ಕಿಬೀಳುತ್ತಾನೆ. ಸ್ಕ್ಯಾನರ್ ಒಪ್ಪದ ಹಳೆಯ ಮಾದರಿಗಳಿಗೆ ಮಲ್ಟಿಮೀಟರ್ ಸಾಕು. ಸಾಮಾನ್ಯ ಸೆನ್ಸರ್‌ನ ರೋಧ 20 ಡಿಗ್ರಿಯಲ್ಲಿ ಎರಡೂವರೆ ಕಿಲೋ ಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು ಇರುತ್ತದೆ. ನಿಖರ ಅಂಕಿ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಸೆನ್ಸರ್ ಕಳಚಿ ಹೊಸದು ಕೊಳ್ಳುವ ಮೊದಲು ಅದರ ಕನೆಕ್ಟರ್‌ನಲ್ಲಿ ಹಸಿರು ತುಕ್ಕು ಇದೆಯೇ ಎಂದು ನೋಡುವುದು ಜಾಣತನ.

ಸೆನ್ಸರ್ ಸತ್ಯವಂತನಾದರೆ ಮುಂದಿನ ಅನುಮಾನ ಗಾಳಿಯ ಮೇಲೆ. ಥ್ರಾಟಲ್ ಬಾಡಿಯ ಪಕ್ಕದ ಐಡ್ಲಿಂಗ್ ಕವಾಟ ಚಳಿಯಲ್ಲಿ ಅಗಲವಾಗಿ ತೆರೆಯಬೇಕು. ವರ್ಷಗಳ ಮಸಿ ಅದನ್ನು ಬಿಗಿಹಿಡಿದಿರುತ್ತದೆ. ಒಂದು ಡಬ್ಬಿ ಕ್ಲೀನರ್, ಅರ್ಧ ಗಂಟೆಯ ಕೆಲಸ. ಇನ್ನೊಂದು, ಬಿರುಕುಬಿಟ್ಟ ರಬ್ಬರ್ ಕೊಳವೆಗಳು. ಚಳಿಗೆ ಸೆಡೆತ ರಬ್ಬರ್ ಗಾಳಿ ಸೋರಿಸುತ್ತದೆ, ಕಾವೇರಿದಂತೆ ಹಿಗ್ಗಿ ಮುಚ್ಚಿಕೊಳ್ಳುತ್ತದೆ. 'ಸ್‌ಸ್' ಎಂಬ ಸದ್ದಿಗೆ ಕಿವಿಗೊಟ್ಟರೆ ಜಾಗ ತಿಳಿಯುವುದುಂಟು. ವಾರಗಟ್ಟಲೆ ನಿಂತ ಕಾರಾದರೆ ಇಲಿಗಳನ್ನೂ ಮರೆಯುವಂತಿಲ್ಲ. ಬೆಚ್ಚಗಿನ ಎಂಜಿನ್ ಅವುಗಳ ಚಳಿಗಾಲದ ಬಿಡಾರ, ವೈರು ಮತ್ತು ಕೊಳವೆಗಳೇ ಆಹಾರ.

ಮಂಜು ಮುಸುಕಿದ ದಿನಗಳಲ್ಲಷ್ಟೇ 'ಮಿಸ್ಸಿಂಗ್' ಕಂಡರೆ ಬೇರೆಡೆ ಅಲೆಯಬೇಕಿಲ್ಲ. ನಸುಕಿನ ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದರೆ ಪ್ಲಗ್ ವೈರುಗಳ ಬಿರುಕಿನಿಂದ ನೀಲಿ ಕಿಡಿ ಹಾರುವುದು ಕಣ್ಣಿಗೇ ಕಾಣುತ್ತದೆ. ಕೈಯಿಂದ ಮುಟ್ಟಬಾರದು, ಅದು ಸಾವಿರಾರು ವೋಲ್ಟ್.

ಎಥೆನಾಲ್ ಮೇಲಿನ ದೂರು ಎಷ್ಟು ಸರಿ?

2025ರಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ದೇಶದೆಲ್ಲೆಡೆ ಬಂದ ಮೇಲೆ ಹಳೆ ಕಾರಿನ ಪ್ರತಿ ಕೆಮ್ಮಿಗೂ ಅದನ್ನೇ ಹೊಣೆ ಮಾಡುವುದು ರೂಢಿಯಾಗಿದೆ. ದೂರಿನಲ್ಲಿ ತುಸು ಹುರುಳಿದೆ. ಎಥೆನಾಲ್ ಆವಿಯಾಗಲು ಹೆಚ್ಚು ಶಾಖ ಬೇಕು. ಅಷ್ಟೇ ಗಾಳಿಗೆ ಹೆಚ್ಚು ಇಂಧನವೂ ಬೇಕು. ಹಳೆಯ ಇಸಿಯುವಿನ ಲೆಕ್ಕ ಶುದ್ಧ ಪೆಟ್ರೋಲಿನದು. ಕಾದ ಮೇಲೆ ಆಕ್ಸಿಜನ್ ಸೆನ್ಸರ್ ಈ ವ್ಯತ್ಯಾಸ ಸರಿದೂಗಿಸುತ್ತದೆ, ತಣ್ಣಗಿದ್ದಾಗ ಆಗದು. ಆದರೆ ಇದೊಂದರಿಂದಲೇ ಕಾರು ನಿಂತುಹೋಗುವುದು ಅಪರೂಪ. ಮೊದಲೇ ಇದ್ದ ದೋಷವನ್ನು ಅದು ಬಯಲಿಗೆಳೆದಿರುತ್ತದೆ ಎನ್ನುವುದೇ ಹೆಚ್ಚು ಸರಿ.

ಐದು ನಿಮಿಷದ ನಡುಕವೆಂದು ಇದನ್ನು ವರ್ಷಗಟ್ಟಲೆ ಸಹಿಸುವವರಿದ್ದಾರೆ. ಉರಿಯದೆ ಹೊರಬೀಳುವ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಕರಗಿಸಬಲ್ಲದು. ಇನ್ನೂ ಗಂಭೀರವಾದುದು ಹೆಡ್ ಗ್ಯಾಸ್ಕೆಟ್ ಸೋರಿಕೆ. ಚಳಿಯಲ್ಲಿ ಬಿಳಿ ಆವಿ ಸಹಜ. ಆದರೆ ಮೊದಲ ನಿಮಿಷ ಒಂದು ಸಿಲಿಂಡರ್ ತಪ್ಪಿ, ಹೊಗೆಗೆ ಸಿಹಿ ವಾಸನೆ ಸೇರಿ, ಕೂಲೆಂಟ್ ಮಟ್ಟ ವಾರವಾರಕ್ಕೆ ಇಳಿಯುತ್ತಿದ್ದರೆ ರಾತ್ರಿ ನಿಂತಾಗ ಆ ದ್ರವ ಸಿಲಿಂಡರ್‌ಗೆ ಜಿನುಗುತ್ತಿರಬಹುದು. ಅಂಥ ಕಾರನ್ನು ಪರೀಕ್ಷಿಸದೆ ಶಿರಾಡಿ ಘಾಟಿಗೆ ಒಯ್ದರೆ, ಏರು ಹತ್ತುವಾಗ ಎಂಜಿನ್ ಕುದಿದು ದಾರಿಯಲ್ಲೇ ನಿಲ್ಲುವ ಸಾಧ್ಯತೆ ಹೆಚ್ಚು.