ಮುಂಬಯಿಯ ತರುಣ ಗಾಯಕರಿಗೆ ಹಾದಿ ಯಾವುದು?

ನಮ್ಮ ಸಂಘಸಂಸ್ಥೆಗಳ ವಾರ್ಷಿಕೋತ್ಸವಗಳಿಗೆ ಹೋಗುವ ರೂಢಿಯುಳ್ಳ ವಾಚಕರಿಗೆಲ್ಲ ಒಂದು ದೃಶ್ಯ ಪರಿಚಿತವಾದುದೇ. ಅಧ್ಯಕ್ಷರೂ ಮುಖ್ಯ ಅತಿಥಿಗಳೂ ವೇದಿಕೆಯ ಮೇಲೆ ಆಸೀನರಾದೊಡನೆ ಹತ್ತು ಹನ್ನೆರಡು ವಯಸ್ಸಿನ ಬಾಲಿಕೆಯೊಬ್ಬಳು ಧ್ವನಿವರ್ಧಕದ ಮುಂದೆ ನಿಂತು ಪ್ರಾರ್ಥನೆಯನ್ನು ಹಾಡುವಳು. ಶ್ರುತಿ ಶುದ್ಧವಾಗಿರುವುದು, ಕಂಠವು ಇಂಪಾಗಿರುವುದು. ಸಭಿಕರು ತಲೆದೂಗುವರು. ಕಾರ್ಯದರ್ಶಿಗಳು ಅವಳ ಕೈಗೊಂದು ಪುಸ್ತಕವನ್ನು ಕೊಟ್ಟು ಬೆನ್ನು ತಟ್ಟುವರು. ಐದಾರು ವರ್ಷಗಳ ತರುವಾಯ ಅದೇ ಉತ್ಸವಕ್ಕೆ ಹೋದರೆ ಪ್ರಾರ್ಥನೆ ಹಾಡುವವಳು ಬೇರೊಬ್ಬ ಬಾಲಿಕೆ. ಮೊದಲಿನವಳು ಎಲ್ಲಿ ಎಂದು ವಿಚಾರಿಸಿದರೆ, "ಹತ್ತನೆಯ ತರಗತಿ ಬಂತಲ್ಲ, ಸಂಗೀತ ಬಿಡಿಸಿದೆವು" ಎಂಬ ಉತ್ತರ ದೊರೆಯುವುದು.

ಈ ಉತ್ತರಕ್ಕಾಗಿ ತಂದೆತಾಯಿಗಳನ್ನು ದೂಷಿಸುವುದು ನ್ಯಾಯವಲ್ಲ. ಊರಿನಿಂದ ಬರಿಗೈಯಲ್ಲಿ ಬಂದು, ಹೋಟೆಲಿನಲ್ಲಿಯೋ ಗಿರಣಿಯಲ್ಲಿಯೋ ಬ್ಯಾಂಕಿನಲ್ಲಿಯೋ ದುಡಿದು, ಉಪನಗರದಲ್ಲಿ ಒಂದು ಮನೆ ಮಾಡಿಕೊಂಡ ಮನೆತನಗಳು ನಮ್ಮವು. "ಹಾಡಿದರೆ ಹೊಟ್ಟೆ ತುಂಬೀತೆ?" ಎಂದು ಅವರು ಕೇಳಿದರೆ ಅದು ಅರಸಿಕತೆಯ ಮಾತಲ್ಲ, ಅನುಭವದ ಮಾತು. ಆ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ. ಉತ್ತರವು ಬಹಳ ಮಟ್ಟಿಗೆ ನಮ್ಮ ಕೈಯಲ್ಲಿಯೇ ಇದೆ ಎಂಬುದು ಕಡೆಗೆ ವಾಚಕರಿಗೆ ಮನವರಿಕೆಯಾದೀತು.

ಪಾಠಶಾಲೆಯಾದ ಮುಂಬಯಿ

ಮುಂಬಯಿಯೆಂದರೆ ದೊಡ್ಡ ಗವಾಯಿಗಳ ಬೈಠಕ್ಕುಗಳ ಊರು ಎಂದು ನಾವು ಹೇಳಿಕೊಳ್ಳುವುದುಂಟು. ಅದಕ್ಕಿಂತಲೂ ಮಹತ್ವದ ಸಂಗತಿಯೆಂದರೆ, ಸಂಗೀತವನ್ನು ಸಾಮಾನ್ಯರ ಮಕ್ಕಳಿಗೆ ತರಗತಿಯಲ್ಲಿ ಕುಳ್ಳಿರಿಸಿ ಕಲಿಸಬಹುದು ಎಂಬ ವಿಚಾರವು ಬೇರೂರಿದುದು ಈ ಊರಿನಲ್ಲಿ. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದ ಪಂಡಿತ ವಿಷ್ಣು ದಿಗಂಬರ ಪಲುಸ್ಕರರು 1908ರಲ್ಲಿ ಮುಂಬಯಿಯಲ್ಲಿ ಅದರ ಶಾಖೆಯನ್ನು ತೆರೆದರು. ಸ್ವರಲಿಪಿಯ ಪುಸ್ತಕ, ದರ್ಜೆಗಳ ಕ್ರಮ, ಪರೀಕ್ಷೆ, ಪ್ರಮಾಣಪತ್ರ ಇವೆಲ್ಲವನ್ನೂ ಅವರು ಸಂಗೀತಕ್ಕೆ ತಂದುದಲ್ಲದೆ, ಸಂಗೀತ ಕಲಿಸುವ ಉಪದೇಶಕರನ್ನು ತಯಾರಿಸುವ ವರ್ಗವನ್ನೇ ನಡೆಯಿಸಿದರು. ಆ ಶಾಲೆಯ ಭವ್ಯ ಕಟ್ಟಡವು ಮುಂದೆ ಸಾಲದ ಬಾಧೆಯಿಂದ ಕೈಬಿಟ್ಟುಹೋಯಿತು. ಆದರೆ ಅಲ್ಲಿ ಕಲಿತವರು ದೇಶದ ನಾನಾ ನಗರಗಳಿಗೆ ಹೋಗಿ ಶಾಲೆಗಳನ್ನು ತೆರೆದರು. ಇದೇ ಮುಂಬಯಿಯ ವಾಲಕೇಶ್ವರದಲ್ಲಿ ಹುಟ್ಟಿ, ವಕೀಲಿ ಮಾಡಿ, ರಾಗಗಳ ಶಾಸ್ತ್ರವನ್ನು ಕ್ರಮಬದ್ಧಗೊಳಿಸಿದವರು ಪಂಡಿತ ಭಾತಖಂಡೆಯವರು. ಅವರ 'ಕ್ರಮಿಕ ಪುಸ್ತಕ ಮಾಲಿಕೆ'ಯ ಸಂಪುಟಗಳನ್ನು ಇಂದಿಗೂ ಸಂಗೀತದ ವಿದ್ಯಾರ್ಥಿಗಳು ಬಳಸುತ್ತಿರುವರು.

ಈ ಪರಂಪರೆಯ ಫಲವನ್ನು ಉಂಡವರಲ್ಲಿ ಕನ್ನಡನಾಡಿನವರು ಅಗ್ರಗಣ್ಯರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರು ಸಣ್ಣ ಬಾಲಕರಾಗಿದ್ದಾಗಲೇ 'ಕುಮಾರ ಗಂಧರ್ವ'ರೆಂದು ಹೆಸರು ಪಡೆದು, 1936ರ ಸುಮಾರಿಗೆ ಮುಂಬಯಿಗೆ ಬಂದು ಪ್ರೊಫೆಸರ್ ಬಿ. ಆರ್. ದೇವಧರರ ಸಂಗೀತ ಶಾಲೆಯನ್ನು ಸೇರಿದರು. ದೇವಧರರು ಪಲುಸ್ಕರರ ಶಿಷ್ಯರು. 1925ರಲ್ಲಿ ಈ ಶಾಲೆಯನ್ನು ಆರಂಭಿಸಿದವರು. ದೇಶವೇ ಬೆರಗಾಗಿ ಕೇಳುತ್ತಿದ್ದ ಆ ಬಾಲಗಾಯಕನನ್ನು ಅವರು ಮರಳಿ ವಿದ್ಯಾರ್ಥಿಯನ್ನಾಗಿ ಮಾಡಿದರು. ಇಪ್ಪತ್ತು ವರ್ಷ ತುಂಬುವ ಮೊದಲೇ ಕುಮಾರರು ಅದೇ ಶಾಲೆಯಲ್ಲಿ ಪಾಠ ಹೇಳುವವರೂ ಆದರು. ಧಾರವಾಡದ ಬಳಿಯ ಮನಸೂರಿನವರಾದ ಮಲ್ಲಿಕಾರ್ಜುನ ಮನಸೂರರು ತಾವು ಆಗಲೇ ಹೆಸರುವಾಸಿಯಾಗಿದ್ದರೂ ಈ ನಗರದಲ್ಲಿ ಜಯಪುರ ಘರಾಣೆಯ ಮಂಜೀಖಾನರ ಮುಂದೆ ಶಿಷ್ಯರಾಗಿ ಕುಳಿತರು. ಗದಗಿನ ಭೀಮಸೇನ ಜೋಶಿಯವರು 1943ರಲ್ಲಿ ಇಲ್ಲಿಗೆ ಬಂದು ರೇಡಿಯೋ ಕಲಾವಿದರಾಗಿ ದುಡಿದರು.

ಕಲಿಸಿ ಬಾಳಿದವರು

ಇಂಥ ಮಹಾಗಾಯಕರ ಹೆಸರನ್ನು ಹೇಳಿದೊಡನೆ, "ಅವರೆಲ್ಲ ದೈವದತ್ತ ಪ್ರತಿಭೆಯವರು, ನಮ್ಮ ಮಕ್ಕಳಿಗೆ ಅದು ಸಾಧ್ಯವೆ?" ಎಂಬ ಸಂಶಯ ಏಳುವುದು ಸಹಜ. ಆದುದರಿಂದ ಇನ್ನೊಂದು ಸಾಲಿನ ಹಿರಿಯರನ್ನು ನೆನೆಯುವುದು ಹೆಚ್ಚು ಉಪಯುಕ್ತ. ಅವರು ಕಛೇರಿಗಳನ್ನು ಮಾಡಿದರು, ಕೀರ್ತಿಯನ್ನೂ ಪಡೆದರು. ಆದರೆ ಜೀವನವನ್ನು ಕಳೆದುದು ಮುಖ್ಯವಾಗಿ ಪಾಠದ ಕೊಠಡಿಯಲ್ಲಿ.

ಬೆಂಗಳೂರಿನಲ್ಲಿ ಹುಟ್ಟಿ ಲಖನೌದಲ್ಲಿ ಕಲಿತ ಚಿದಾನಂದ ನಗರಕರರು, ಭಾರತೀಯ ವಿದ್ಯಾಭವನವು 1946ರಲ್ಲಿ ತೆರೆದ ಸಂಗೀತ ಶಿಕ್ಷಾಪೀಠದ ಹೊಣೆಯನ್ನು ಹೊತ್ತರು. ಬೈಲಹೊಂಗಲದ ಕೆ. ಜಿ. ಗಿಂಡೆಯವರು ಹನ್ನೊಂದನೆಯ ವಯಸ್ಸಿನಲ್ಲಿ ಮನೆಬಿಟ್ಟು ಲಖನೌಗೆ ಹೋಗಿ ಶ್ರೀಕೃಷ್ಣ ರತಂಜನಕರರ ಬಳಿ ವಿದ್ಯೆ ಸಂಪಾದಿಸಿದವರು. 1951ರಲ್ಲಿ ಮುಂಬಯಿಗೆ ಬಂದು ಭವನದಲ್ಲಿ ಕಲಿಸಿ, 1962ರಿಂದ ಶೀವ್ ಪರಿಸರದ ವಲ್ಲಭ ಸಂಗೀತಾಲಯದ ಪ್ರಾಚಾರ್ಯರಾದರು. ಅವರ ಒಡನಾಡಿಗಳಾದ ಎಸ್. ಸಿ. ಆರ್. ಭಟ್ಟರು ಈ ಎರಡೂ ಸಂಸ್ಥೆಗಳಲ್ಲಿ ಪಾಠ ಹೇಳಿದರು. ದಿನಕರ ಕಾಯ್ಕಿಣಿಯವರು ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿ, ಮುಂದೆ ಭವನದ ಶಿಕ್ಷಾಪೀಠಕ್ಕೆ ಪ್ರಾಚಾರ್ಯರಾಗಿ ಬಂದರು. ಅಪೂರ್ವ ಬಂದಿಶುಗಳ ಭಂಡಾರವೇ ಇವರ ಕಂಠದಲ್ಲಿತ್ತು. ಅದು ಅವರೊಂದಿಗೆ ಮುಗಿದುಹೋಗಲಿಲ್ಲ. ವಿದ್ಯಾರ್ಥಿಗಳ ಕಂಠದಲ್ಲಿ ಉಳಿಯಿತು.

ಹಾಡಲಾರದವನು ಕಲಿಸುವನು ಎಂಬ ಕುಹಕದ ಮಾತಿಗೆ ಇವರ ಬಾಳೇ ಉತ್ತರ. ಕಲಿಸುವ ಕೆಲಸವು ಇವರಿಗೆ ಅನ್ನವನ್ನು ಕೊಟ್ಟಿತು. ಸಾಧನೆಗೆ ಸ್ಥಿರತೆಯನ್ನೂ ಕೊಟ್ಟಿತು. ಇಂದಿನ ತರುಣನು ಹಿಡಿಯಬಹುದಾದ ಹಾದಿಯೂ ಇದೇ: ವೇದಿಕೆ ಒಂದು ಕೈಯಲ್ಲಿ, ಪಾಠಶಾಲೆ ಇನ್ನೊಂದು ಕೈಯಲ್ಲಿ.

ಇಂದಿನ ಅನುಕೂಲತೆಗಳು

ಹಿಂದೂಸ್ತಾನಿ ಸಂಗೀತವನ್ನು ಕಲಿಯುವವರಿಗೆ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳು ಸುಪರಿಚಿತವಾಗಿವೆ. ಪ್ರಾರಂಭಿಕದಿಂದ ತೊಡಗಿ ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರತಕ್ಕ ಈ ಕ್ರಮದಲ್ಲಿ, ಸಂಗೀತ ಶಿಕ್ಷಕನಾಗಬಯಸುವವನು ವಿಶಾರದವನ್ನಾದರೂ ಮುಟ್ಟಬೇಕು. ಹತ್ತನೆಯ ತರಗತಿಗೆಂದು ಸಂಗೀತವನ್ನು ಬಿಡಿಸುವ ಪಾಲಕರು ಇನ್ನೊಂದು ವಿಷಯವನ್ನೂ ಗಮನಿಸಬೇಕು. ಮಾನ್ಯತೆ ಪಡೆದ ಸಂಸ್ಥೆಗಳ ಶಾಸ್ತ್ರೀಯ ಕಲಾ ಪರೀಕ್ಷೆಗಳಲ್ಲಿ ತೇರ್ಗಡೆಯಾದ ವಿದ್ಯಾರ್ಥಿಗಳಿಗೆ ಮಹಾರಾಷ್ಟ್ರದ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಹೆಚ್ಚುವರಿ ಅಂಕಗಳನ್ನು ಕೊಡುವ ವ್ಯವಸ್ಥೆಯನ್ನು ಸರಕಾರವು ಮಾಡಿದೆ. ಆದುದರಿಂದ ಓದಿಗೆ ಸಂಗೀತವು ಅಡ್ಡಿಯೆಂದು ಭಯಪಡಬೇಕಾದ ಕಾರಣವಿಲ್ಲ.

ಪದವಿಯ ಮಟ್ಟದಲ್ಲಿ ಕಲಿಯಬಯಸುವವರಿಗೆ ಮುಂಬಯಿ ವಿಶ್ವವಿದ್ಯಾಲಯದಲ್ಲಿಯೂ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿಯೂ ಸಂಗೀತ ವಿಭಾಗಗಳಿವೆ. ಎಂ.ಎ. ಪೂರೈಸಿ ರಾಷ್ಟ್ರೀಯ ಅರ್ಹತಾ ಪರೀಕ್ಷೆಯನ್ನು ಸಂಗೀತ ವಿಷಯದಲ್ಲಿ ದಾಟಿದವರು ಕಾಲೇಜಿನ ಅಧ್ಯಾಪಕತ್ವಕ್ಕೆ ಅರ್ಜಿ ಹಾಕಿಕೊಳ್ಳಬಹುದು. ಕರ್ನಾಟಕ ಸಂಗೀತದ ಅಭ್ಯಾಸಿಗಳಿಗೆ 1952ರಲ್ಲಿ ಸ್ಥಾಪನೆಗೊಂಡ ಷಣ್ಮುಖಾನಂದ ಸಭೆಯ ವಿದ್ಯಾಲಯವಿದೆ.

ಶಿಷ್ಯವೇತನಗಳ ಕುರಿತೂ ನಮ್ಮವರಲ್ಲಿ ತಿಳಿವಳಿಕೆ ಸಾಲದು. ಕೇಂದ್ರ ಸರಕಾರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರವು 10ರಿಂದ 14 ವರ್ಷ ವಯಸ್ಸಿನ ಪ್ರತಿಭಾವಂತ ಮಕ್ಕಳಿಗೆ ಶಿಷ್ಯವೇತನ ಕೊಡುವುದು. 18ರಿಂದ 25 ವರ್ಷದ ತರುಣ ಕಲಾವಿದರಿಗಾಗಿ ಕೇಂದ್ರದ ಸಂಸ್ಕೃತಿ ಇಲಾಖೆಯ ಬೇರೊಂದು ಯೋಜನೆಯಿದ್ದು, ಗುರುಮುಖದಿಂದ ಉನ್ನತ ಶಿಕ್ಷಣ ಪಡೆಯಲು ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಕೊಡುವ ಏರ್ಪಾಡು ಅದರಲ್ಲಿದೆ. ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ಗೆದ್ದವರಿಗೆ ದೊರೆಯುವ 'ಬಿ', 'ಬಿ-ಹೈ', 'ಎ' ಶ್ರೇಣಿಗಳು ಇಂದಿಗೂ ಕಲಾವಿದನ ಯೋಗ್ಯತೆಗೆ ಒಂದು ಮುದ್ರೆ.

ಶಾಲೆಯ ಬಾಗಿಲು

ಇನ್ನು ಶಾಲೆಗಳ ಮಾತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯಂತೆ, ಆರರಿಂದ ಎಂಟನೆಯ ತರಗತಿಗಳಲ್ಲಿ ಮಕ್ಕಳ ಸಂಖ್ಯೆ 100ನ್ನು ಮೀರಿದ ಶಾಲೆಯಲ್ಲಿ ಕಲಾಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರತಕ್ಕದ್ದು. ಕೇಂದ್ರೀಯ ವಿದ್ಯಾಲಯಗಳಲ್ಲಿ ಸಂಗೀತಕ್ಕೆಂದೇ ಪ್ರಾಥಮಿಕ ಶಿಕ್ಷಕರ ಹುದ್ದೆಯುಂಟು. ಅದಕ್ಕೆ ಸಂಗೀತದ ಪದವಿ ಅಥವಾ ತತ್ಸಮಾನ ವಿದ್ಯೆ ಬೇಕು. ಎಂಟು ಭಾಷಾ ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಯಿಸುವ ಮುಂಬಯಿ ಮಹಾನಗರಪಾಲಿಕೆಯು ಸಂಗೀತ ಶಿಕ್ಷಕರನ್ನು ಇಟ್ಟುಕೊಂಡು ಬಂದಿದೆ. ಆ ಎಂಟರಲ್ಲಿ ಕನ್ನಡವೂ ಒಂದು ಎಂಬುದನ್ನು ನಾವು ಮರೆಯಬಾರದು.

ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ ವಾಸ್ತವವು ಅಷ್ಟು ಸುಲಭವಾಗಿಲ್ಲ. ಅರೆಕಾಲಿಕ ಎಂದರೆ ಸಂಬಳವೂ ಅರೆ, ಭರವಸೆಯೂ ಅರೆ. ಎಷ್ಟೋ ಖಾಸಗಿ ಶಾಲೆಗಳಿಗೆ ಸಂಗೀತದ ಮೇಷ್ಟರು ನೆನಪಾಗುವುದು ಸ್ವಾಗತಗೀತೆಯ ಅಗತ್ಯ ಬಂದಾಗ. ಸಮಾರಂಭ ಮುಗಿದ ಮರುದಿನ ಸಂಗೀತದ ತಾಸು ಗಣಿತದ ಪಾಲಾಗುವುದು. ವಿಶಾರದ ಮುಗಿಸಿದ ತರುಣಿಯೊಬ್ಬಳು ಬೆಳಿಗ್ಗೆ ಡೊಂಬಿವಲಿಯಿಂದ ಲೋಕಲ್ ಗಾಡಿ ಹಿಡಿದು ಮುಲುಂಡಿನಲ್ಲೊಂದು ಪಾಠ, ಘಾಟಕೋಪರದಲ್ಲೊಂದು ಪಾಠ ಎಂದು ಮನೆಮನೆಗೆ ಅಲೆದು, ರಾತ್ರಿ ಮರಳಿದಾಗ ಅವಳಿಗೆ ಸ್ವಂತ ರಿಯಾಜಿಗೆ ಕಂಠವೂ ಉಳಿದಿರುವುದಿಲ್ಲ, ನೆರೆಹೊರೆಯವರ ನಿದ್ದೆಯ ಹೊತ್ತೂ ಮೀರಿರುತ್ತದೆ. ಇಂಥವರು ಎರಡು ಮೂರು ವರ್ಷ ಹೆಣಗಿ ಕಡೆಗೆ ಯಾವುದಾದರೊಂದು ಕಚೇರಿಯ ಕೆಲಸಕ್ಕೆ ಸೇರುವರು. ಹತ್ತು ಹದಿನೈದು ವರ್ಷಗಳ ವಿದ್ಯೆ ಅಲ್ಲಿಗೆ ಮುಗಿಯುವುದು. ಸಮಾಜಕ್ಕೆ ಇದು ಸಣ್ಣ ನಷ್ಟವಲ್ಲ.

ನಮ್ಮ ಸಂಸ್ಥೆಗಳ ಕರ್ತವ್ಯ

ಸರಕಾರವು ಮಾಡಲೆಂದು ಕಾಯುವುದು ನಮ್ಮ ಹಿರಿಯರ ರೀತಿಯಾಗಿರಲಿಲ್ಲ. ಹಗಲು ಹೋಟೆಲಿನಲ್ಲಿ ತಟ್ಟೆ ಎತ್ತುವ ಹುಡುಗನಿಗೂ ಅಕ್ಷರ ಬೇಕೆಂದು ಅವರು ರಾತ್ರಿಶಾಲೆಗಳನ್ನು ಕಟ್ಟಿದರು. ಆ ಶಾಲೆಗಳಲ್ಲಿ ಓದಿದವರು ಮುಂದೆ ಉದ್ಯಮಿಗಳಾದರು, ವಕೀಲರಾದರು, ಸಂಘಗಳ ಅಧ್ಯಕ್ಷರೂ ಆದರು. ಮಾಟುಂಗದ ಮೈಸೂರು ಅಸೋಸಿಯೇಶನ್ 1926ರಿಂದಲೂ, ಮಾಹಿಮಿನ ಕರ್ನಾಟಕ ಸಂಘವು 1933ರಿಂದಲೂ ಈ ನಗರದಲ್ಲಿ ಕನ್ನಡದ ದೀಪವನ್ನು ಉರಿಸುತ್ತ ಬಂದಿವೆ. ಉಪನಗರಗಳಲ್ಲಿ ಜಾತೀಯ ಸಂಘಗಳು, ಭಜನಾ ಮಂಡಳಿಗಳು, ಯಕ್ಷಗಾನ ಮಂಡಳಿಗಳು ಎಷ್ಟಿಲ್ಲ! ಇವುಗಳಲ್ಲಿ ಹಲವಕ್ಕೆ ಸ್ವಂತ ಸಭಾಗೃಹವಿದೆ. ವಾರದ ಬಹು ದಿನ ಅದು ಬೀಗ ಹಾಕಿಕೊಂಡೇ ಇರುವುದು.

ಉತ್ಸವ ಬಂದಾಗ ಊರಿನಿಂದಲೋ ಚಿತ್ರರಂಗದಿಂದಲೋ ವಾದ್ಯಮೇಳವನ್ನು ಕರೆಸಿ ಕೈಬಿಚ್ಚಿ ಖರ್ಚು ಮಾಡುವ ನಾವು, ನಮ್ಮಲ್ಲೇ ಇರುವ ತರುಣ ಗಾಯಕನನ್ನು ಕರೆದು ಹಾಡಿಸಿ ಒಂದು ಶಾಲು, ಒಂದು ತೆಂಗಿನಕಾಯಿಯಲ್ಲಿ ಬೀಳ್ಕೊಡುತ್ತೇವೆ. "ನಮ್ಮ ಹುಡುಗನೇ ಅಲ್ಲವೆ?" ಎಂಬ ಪ್ರೀತಿಯ ಮಾತಿನಿಂದ ಅವನ ಗಾಡಿಯ ಪಾಸಿನ ಹಣವೂ ಹುಟ್ಟದು. ಉತ್ಸವದ ಒಂದು ಸಂಜೆಯ ದೀಪಾಲಂಕಾರಕ್ಕೂ ಧ್ವನಿವರ್ಧಕಕ್ಕೂ ತೆರುವ ಮೊತ್ತದಲ್ಲಿ ಒಬ್ಬ ಸಂಗೀತ ಶಿಕ್ಷಕನಿಗೆ ಎಷ್ಟು ತಿಂಗಳು ಗೌರವಧನ ಕೊಡಬಹುದೆಂದು ಪ್ರತಿಯೊಂದು ಸಂಘದ ಕೋಶಾಧಿಕಾರಿಗಳು ಒಮ್ಮೆ ಲೆಕ್ಕ ಹಾಕಿ ನೋಡಲಿ.

ಮಾಡಬೇಕಾದುದು ಬಹಳವೇನಿಲ್ಲ. ಬೀಗ ಹಾಕಿದ ಸಭಾಗೃಹವನ್ನು ಶನಿವಾರ, ಭಾನುವಾರ ಸಂಗೀತದ ತರಗತಿಗೆ ತೆರೆಯಬೇಕು. ವಿಶಾರದ ಮುಗಿಸಿದ ನಮ್ಮದೇ ಸಮಾಜದ ತರುಣ ತರುಣಿಯರಿಗೆ ನಿಶ್ಚಿತ ವೇತನ ಗೊತ್ತುಪಡಿಸಿ ತರಗತಿಯನ್ನು ಒಪ್ಪಿಸಬೇಕು. ನಾಲ್ಕಾರು ಸಂಘಗಳು ಕೂಡಿ ಒಬ್ಬ ಶಿಕ್ಷಕನನ್ನು ಇಟ್ಟುಕೊಂಡು, ಹತ್ತಿರದ ಕನ್ನಡ ಶಾಲೆಗೂ ವಾರಕ್ಕೆರಡು ತಾಸು ಕಳುಹಿಸಿಕೊಡಬಹುದು. ಮಕ್ಕಳ ಸಂಖ್ಯೆ ಕುಗ್ಗುತ್ತ ಬಂದಿರುವ ನಮ್ಮ ಕನ್ನಡ ಶಾಲೆಗಳಿಗೆ ಇದು ಹೊಸ ಚೈತನ್ಯವನ್ನೂ ತಂದೀತು. ವಚನ, ದಾಸರ ಪದ, ಭಾವಗೀತೆಗಳನ್ನು ರಾಗಬದ್ಧವಾಗಿ ಕಲಿತ ಮಗುವಿನ ನಾಲಗೆಯ ಮೇಲೆ ಕನ್ನಡವು ವ್ಯಾಕರಣದ ಪುಸ್ತಕದಿಂದ ನಿಲ್ಲುವುದಕ್ಕಿಂತ ದೃಢವಾಗಿ ನಿಲ್ಲುವುದು.

ತರುಣರಿಗೆ ಎರಡು ಮಾತು

ತರುಣ ಮಿತ್ರರೂ ಕೆಲವು ವಿಷಯಗಳನ್ನು ಲಕ್ಷ್ಯದಲ್ಲಿಡುವುದೊಳ್ಳೆಯದು. ಸ್ವರಲಿಪಿಯನ್ನು ಓದಿ ಬರೆಯುವ ಅಭ್ಯಾಸವಿರಲಿ. ಹಾರ್ಮೋನಿಯಂ ನುಡಿಸಲು, ತಬಲಾದ ಠೇಕಾಗಳನ್ನು ಹಿಡಿಯಲು ಬರಲಿ. ಶಾಲೆಯಲ್ಲಿ ಸಾಥಿಗೆ ಇನ್ನೊಬ್ಬರು ಸಿಗುವುದು ವಿರಳ. ಕನ್ನಡದೊಂದಿಗೆ ಮರಾಠಿ, ಹಿಂದಿ ಗೀತೆಗಳ ಸಂಗ್ರಹವೂ ಬೇಕು. ಈ ನಗರದ ತರಗತಿಯಲ್ಲಿ ಎಲ್ಲ ಭಾಷೆಯ ಮಕ್ಕಳು ಕುಳಿತಿರುವರು. ಪ್ರಮಾಣಪತ್ರ ಕೈಗೆ ಬಂದಿತೆಂದು ಗುರುವಿನ ಮನೆಯ ಹಾದಿಯನ್ನು ಮರೆಯಬಾರದು. ಸಾಮಾನ್ಯ ಶಿಕ್ಷಣದ ಪದವಿಯನ್ನೂ ಅರ್ಧಕ್ಕೆ ಬಿಡಬಾರದು. ಖಾಯಂ ಹುದ್ದೆಗೆ ಅರ್ಜಿ ಹಾಕುವ ದಿನ ಅದರ ಬೆಲೆ ತಿಳಿಯುವುದು.

"ಹಾಡಿದರೆ ಹೊಟ್ಟೆ ತುಂಬೀತೆ?" ಎಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಬರಿಯ ಹಾಡಿನಿಂದ ಕೆಲವರಿಗೆ ಮಾತ್ರ ತುಂಬೀತು. ಹಾಡಿ ಕಲಿಸುವ ವಿದ್ಯೆಯಿಂದ ಹಲವರಿಗೆ ತುಂಬೀತು. ಕಲಿಸುವುದಕ್ಕೊಂದು ಕೊಠಡಿಯನ್ನೂ ಕಲಿಸಿದವರಿಗೆ ಮರ್ಯಾದೆಯ ವೇತನವನ್ನೂ ಕೊಡಲು ನಾವು ಸಿದ್ಧರಾಗಬೇಕು. ಸುಳೇಭಾವಿಯ ಬಾಲಕನಿಗೆ ಈ ನಗರದಲ್ಲಿ ಒಬ್ಬ ಗುರುವೂ ಒಂದು ಶಾಲೆಯೂ ದೊರೆತುವು. ನಮ್ಮ ಸಂಘದ ಮುಂದಿನ ಉತ್ಸವದಲ್ಲಿ ಪ್ರಾರ್ಥನೆ ಹಾಡಲಿರುವ ಬಾಲಿಕೆಗೂ ಅವು ದೊರೆಯಲಿ. ಹತ್ತು ವರ್ಷಗಳ ಬಳಿಕ ಅದೇ ವೇದಿಕೆಯ ಮೇಲೆ, ತಾನು ಕಲಿಸಿದ ಮಕ್ಕಳ ಹಿಂದೆ ಹಾರ್ಮೋನಿಯಂ ಹಿಡಿದು ಅವಳು ಕುಳಿತಿರುವುದನ್ನು ಕಾಣುವ ಭಾಗ್ಯ ನಮಗಿರಲಿ.